ಅಂಚಿನ ಬಳ್ಳಿ

ಆಗಿನ್ನೂ ನಮ್ಮೂರು ಮಟಕಿಗೆ ಸುದ್ದಿ ಬರುತ್ತಿದ್ದದ್ದು ಹಳದಿ ಕಾರ್ಡಿನ ಮೇಲೆ. ಗೊಬ್ಬೂರಿಗೆ ಮದುವೆಯಾಗಿ ಹೋಗಿದ್ದ ನೀಲಕ್ಕ ತಿಂಗಳಿಗೊಂದು ಹಾಕುತ್ತಿದ್ದಳು. ತೆರೆದ ಕಾರ್ಡು, ಅತ್ತೆಮನೆಯವರ ಕಣ್ಣು ದಾಟಿಯೇ ಬರಬೇಕು. ಹಾಗಾಗಿ ಬರಹ ಯಾವಾಗಲೂ ಒಂದೇ: 'ನಾನು ಕ್ಷೇಮ.' ಉಳಿದದ್ದೆಲ್ಲ ಅಂಚಿನಲ್ಲಿ. ಸುತ್ತಲೂ ಹಸಿರು ಶಾಯಿಯ ಬಳ್ಳಿ, ಎಲೆಗೊಂದು ಕೆಂಪು ಚುಕ್ಕಿ, ಮೂಲೆಯಲ್ಲಿ ಗಿಣಿ. ಅಂಥ ಚಂದದ ಚಿತ್ರ ನಾನು ಆಮೇಲೆ ಎಲ್ಲೂ ನೋಡಲಿಲ್ಲ.

ಅವ್ವನಿಗೆ ಓದು ಬರುತ್ತಿರಲಿಲ್ಲ. ಅಂಚಿನ ಮೇಲೆ ಬೆರಳಾಡಿಸಿಯೇ ಮಗಳ ಯೋಗಕ್ಷೇಮ ತಿಳಿಯುತ್ತಿದ್ದಳು. ಒಮ್ಮೆ ಬಳ್ಳಿ ಅರ್ಧಕ್ಕೇ ನಿಂತಿತ್ತು. "ಅಕಿ ಕೈ ಸೋತದ," ಅಂದವಳೇ ಬಸ್ಸು ಹತ್ತಿದಳು. ಅಲ್ಲಿ ಅಕ್ಕ ಜ್ವರದಿಂದ ಮಲಗಿದ್ದಳಂತೆ. ಅವ್ವ ಆರೈಕೆ ಮಾಡಿ ಬರುವವರೆಗಿನ ಹದಿನೈದು ದಿನ ರೊಟ್ಟಿ ಬಡಿದು ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

ಮುಂದೆ ಸೀತನಿ ಕಾಲ. ಸುಟ್ಟ ಎಳೆಜೋಳದ ತೆನೆಯ ವಾಸನೆ ಓಣಿ ತುಂಬ. ಪೋಸ್ಟಿನ ಮಹಿಬೂಬ್ ಕಾಕಾ ಬಂದರು.

"ತಗೋ ಬೇ, ನಿಮ್ಮಕ್ಕಂದು. ಈ ಸಲ ಗಿಣಿ ಇಲ್ಲ ನೋಡು."

ಅಂಚು ಪೂರಾ ಬರಿದು. ಅವ್ವ ಹೊಲದಲ್ಲಿದ್ದಳು. ಮತ್ತೆ ಹೋಗಿಬಿಟ್ಟಾಳೆಂಬ ಹೆದರಿಕೆ, ಅಕ್ಕನಂತೆ ಚಿತ್ರ ತೆಗೆಯುವ ಆಸೆ, ಎರಡೂ ಸೇರಿದವು. ಶಾಲೆಯ ಹಸಿರು, ಕೆಂಪು ಪೆನ್ನು ತೆಗೆದು ಬಳ್ಳಿ ಹಬ್ಬಿಸಿದೆ, ಗಿಣಿ ಕೂರಿಸಿದೆ.

ಸಂಜೆ ಅವ್ವ ಬೆರಳಾಡಿಸಿದಳು. "ಆರಾಮ ಅದಾಳ ನನ್ನ ಮಗಳು," ಅಂದು ಕಾರ್ಡನ್ನು ಪಡಸಾಲೆಯ ತಂತಿಗೆ ಸಿಕ್ಕಿಸಿ, ಹೊಟ್ಟೆ ತುಂಬ ಉಂಡಳು.

ಒಂಬತ್ತನೇ ದಿನ ಮೂಲೆ ಹರಿದ ಕಾರ್ಡು ಬಂತು. ಸಾವಿನ ಸುದ್ದಿಗೆ ಹಾಗೆ ಮೂಲೆ ಹರಿಯುವುದು ನಮ್ಮ ಕಡೆಯ ರೂಢಿ. ಅಕ್ಕನಿಗೆ ಮತ್ತೆ ಬಂದ ಜ್ವರ ಇಳಿಯಲೇ ಇಲ್ಲವಂತೆ. ಅಂಥ ಕಾರ್ಡು ಮನೆಯೊಳಗೆ ಬರಬಾರದೆಂದು ಅಪ್ಪ ಬಾಗಿಲಲ್ಲೇ ಹರಿದು ಒಗೆದ. ಅವ್ವ ಎದೆ ಬಡಿದುಕೊಂಡು ಬಿದ್ದಳು. ಮಹಿಬೂಬ್ ಕಾಕಾನ ಕಣ್ಣು ತಂತಿಯ ಮೇಲಿನ ಗಿಣಿಗೆ ಹೋಯಿತು, ಆಮೇಲೆ ನನ್ನ ಕಡೆ ತಿರುಗಿತು. ಚೀಲ ಹೆಗಲಿಗೇರಿಸಿ ಹೊರಟುಹೋದರು.

ಅವ್ವ ಸಾಯುವತನಕ ಆ ಕಾರ್ಡನ್ನೇ ಕೇಳಿ ತೆಗೆಸಿಕೊಳ್ಳುತ್ತಿದ್ದಳು. "ಎಲ್ಲಾದ್ರಕಿಂತ ಇದನ್ನೇ ಛಂದ ತೆಗದಾಳ ನೋಡ ಬೇ."

"ಹೌದವ್ವಾ," ಅನ್ನುತ್ತಿದ್ದೆ.

ಈಗ ಎಲ್ಲರ ಕ್ಷೇಮವೂ ಮೊಬೈಲಿಗೆ ಒಂದೇ ಅಚ್ಚಿನಲ್ಲಿ ಬರುತ್ತದೆ. ಯಾರ ಕೈ ಸೋತಿದೆಯೋ ತಿಳಿಯುವುದಿಲ್ಲ. ಕಾರ್ಡುಗಳ ಸಮೇತ ಅವ್ವನ ತಂತಿ ನನ್ನ ಹತ್ತಿರವಿದೆ. ಅಕ್ಕನ ಹಸಿರು ಮಾಸಿದೆ, ನನ್ನ ಗಿಣಿ ಇನ್ನೂ ಎದ್ದು ಕಾಣುತ್ತದೆ. ಅಂಚನ್ನು ಬರಿದಾಗಿಯೇ ಬಿಟ್ಟಿದ್ದರೆ ಅವ್ವ ಅಂದೇ ಬಸ್ಸು ಹತ್ತುತ್ತಿದ್ದಳು.