ಎಡಗಾಲಿನ ಮೇಲೆ ಬಂದ ಅಪವಾದ

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹೊನ್ನಾಳಿಯಲ್ಲಿ ನನ್ನದೊಂದು ಗ್ಯಾರೇಜು. ಜನ ನನ್ನ ಕೆಲಸವನ್ನು ಮೆಚ್ಚುತ್ತಿದ್ದರು, ಬಾಯಿಗೆ ಹೆದರುತ್ತಿದ್ದರು. ಒಂದು ಬೆಳಿಗ್ಗೆ ಗೋವಿನಕೋವಿಯ ಮುದುಕರೊಬ್ಬರು ಬಂದು, "ತಮ್ಮಾ, ನನ್ನ ಕಾರು ಯಾರಿಗಾದ್ರೂ ಮಾರಿಸಿಕೊಡು" ಅಂದರು.

ಇವರು ಹರೆಯದಿಂದಲೂ ಚನ್ನಗಿರಿಯ ಅಡಿಕೆ ಸಾಹುಕಾರರೊಬ್ಬರ ಡ್ರೈವರ್. ಕೆಲಸ ಬಿಡುವಾಗ ಸಾಹುಕಾರರು ತಮ್ಮ ಹಳೇ ವಿಲಾಯಿತಿ ಸ್ಪೋರ್ಟ್ಸ್ ಕಾರನ್ನು ಇವರಿಗೇ ಕೊಟ್ಟಿದ್ದರು. ಕೆಂಪು ಬಣ್ಣ, ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಅದರಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಜಗಳೂರಿನ ಅವಳ ತವರಿಗೆ ಹೋಗಬೇಕೆಂಬುದು ಇವರ ಆಸೆ. ಜನ್ಮವಿಡೀ ಡ್ರೈವರ್ ಹೆಂಡತಿ ಅನ್ನಿಸಿಕೊಂಡ ಆಕೆ ಗಂಡ ಓಡಿಸುವ ಕಾರು ಹತ್ತಿದ್ದೇ ಇಲ್ಲ.

"ಮತ್ಯಾಕೆ ಮಾರ್ತೀರಿ?"

"ಎಡಗಾಲು ಸತ್ತೋಗೈತೆ ತಮ್ಮಾ. ಜ್ವರ ಬಂದು ಹೋದಮೇಲೆ ಕ್ಲಚ್ ತುಳಿದ್ರೆ ಕಾಲಿಗೆ ಏನೂ ತಗಲೋದೇ ಇಲ್ಲ. ಗೇರು ಕರಕರ ಅಂತೈತೆ. ಇನ್ನು ಗಾಡಿ ಓಡಿಸಾಕೆ ನನ್ನ ಕೈಲಿ ಆಗಲ್ಲ."

ಹೇಳುತ್ತ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು. ನನಗೆ ಮರುಕಕ್ಕಿಂತ ಮೊದಲು ಸಿಟ್ಟು ಬಂತು. "ಕಾರು ನೋಡದೆ ಕಾಲಿಗೆ ಯಾಕ್ರೀ ಬೈತೀರಿ? ನಡೀರಿ ಮೊದ್ಲು" ಎಂದು ಸಾಮಾನಿನ ಚೀಲ ಹಿಡಿದು ಅವರ ಜೊತೆ ಬಸ್ಸು ಹತ್ತಿದೆ.

ಕಾರು ದನದ ಕೊಟ್ಟಿಗೆಯ ಪಕ್ಕ ನಿಂತಿತ್ತು. ಆಯುಧ ಪೂಜೆಯ ಚೆಂಡುಹೂವಿನ ಹಾರ ಮೂತಿಯ ಮೇಲೆ ಇನ್ನೂ ಒಣಗುತ್ತಿತ್ತು. ನಾನು ಕೂತು ಕ್ಲಚ್ ಒತ್ತಿದೆ. ಪೆಡಲ್ ಸುಮ್ಮನೆ ಕೆಳಗೆ ಹೋಗಿ ಅಲ್ಲೇ ಬಿದ್ದುಕೊಂಡಿತು. ಅಲ್ಲ, ಕಾಲಿಗೆ ಕಸುವಿಲ್ಲದಿದ್ದರೆ ಪೆಡಲ್ ಅಲ್ಲಾಡಲೇಬಾರದು. ಇದು ಮುಟ್ಟಿದರೇ ಬೀಳುತ್ತಿದೆಯಲ್ಲ! ಈ ಕಾರಿನ ಕ್ಲಚ್ಚು ನಡೆಯುವುದು ಆಯಿಲ್ಲಿನಿಂದ. ಪೆಡಲ್ ಆಯಿಲ್ಲನ್ನು ತಳ್ಳಬೇಕು, ಆಯಿಲ್ ಪೈಪಿನಲ್ಲಿ ಹೋಗಿ ಕ್ಲಚ್ಚನ್ನು ತಳ್ಳಬೇಕು. ಅದು ತಳ್ಳದಿದ್ದರೆ ಪೈಲ್ವಾನನ ಕಾಲಿಗೂ ಏನೂ ತಗಲುವುದಿಲ್ಲ. ಇಷ್ಟು ವರ್ಷ ಗಾಡಿ ಓಡಿಸಿದವರಿಗೆ ಇದು ಹೊಳೆಯಬಾರದೇ? ಆದರೆ ಜ್ವರ ಅವರನ್ನು ಹೆದರಿಸಿಬಿಟ್ಟಿತ್ತು. ಹೆದರಿದವರ ಮೇಲೆ ಕಪ್ಪೆ ಎಸೆದ ಹಾಗೆ ಅದೇ ಹೊತ್ತಿಗೆ ಕ್ಲಚ್ಚೂ ಕೈಕೊಟ್ಟಿತ್ತು.

ಬಾನೆಟ್ ಎತ್ತಿ, ಕ್ಲಚ್ಚಿನ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ಬೆರಳು ಅದ್ದಿದೆ. ಮೂಸಿದರೆ ದೇವರ ಕೋಣೆಯ ವಾಸನೆ. ಎಳ್ಳೆಣ್ಣೆ!

"ಯಾರ್ರೀ ಇದಕ್ಕೆ ದೀಪದೆಣ್ಣೆ ಹೊಯ್ದೋರು?" ಎಂದು ಕೂಗಿದೆ.

"ನಾನೇ ಕಣಪ್ಪಾ" ಎಂದು ಅಜ್ಜಿ ಒಳಗಿನಿಂದ ಖುಷಿಯಾಗಿ ಬಂದರು. "ಆಯುಧ ಪೂಜೆ ದಿನ ಇವರಿಗೆ ಜ್ವರ. ಕುಂಕುಮ ಇಟ್ಟೆ, ಹೂವು ಹಾಕಿದೆ, ಎಣ್ಣೆ ಕೊಡದೆ ಹೆಂಗೆ ಬಿಡ್ಲಿ? ಆ ಡಬ್ಬಿ ಅರ್ಧ ಖಾಲಿ ಇತ್ತು, ತುಂಬಿಸಿದೆ. ಹಬ್ಬದ ದಿನ ಅದೊಂದೇ ಉಪವಾಸ ಇರ್ಬೇಕಾ?"

"ಅಯ್ಯೋ ನನ್ನವ್ವಾ! ಅದು ಕ್ಲಚ್ಚಿಗೂ ಬ್ರೇಕ್ ಆಯಿಲ್ಲೇ ಕುಡಿಯೋ ಗಾಡಿ. ನಿಮ್ಮೆಣ್ಣೆ ಕುಡಿದು ಒಳಗಿನ ರಬ್ಬರೆಲ್ಲಾ ಊದಿಕೊಂಡಾವೆ, ಆಯಿಲ್ ತಳ್ಳಾಕೇ ಆಗ್ತಿಲ್ಲ!"

ಮುದುಕರು ನನ್ನ ತೋಳು ಹಿಡಿದುಕೊಂಡರು. "ಹಂಗಾರೆ… ನನ್ನ ಕಾಲು?"

"ನಿಮ್ಮ ಕಾಲಿಗೆ ಏನಾಗೈತ್ರೀ, ಧಾಡಿ!"

ಅವರು ಹೆಂಡತಿಗೆ ಬೈಯುತ್ತಾರೆಂದುಕೊಂಡೆ. ಬದಲಿಗೆ ಅಲ್ಲೇ ಜಗಲಿಯ ಮೇಲೆ ಕೂತು ಗಟ್ಟಿಯಾಗಿ ನಕ್ಕರು.

ಆ ಕಾರಿನ ರಬ್ಬರ್ ವಾಷರ್ ಎಲ್ಲಿ ಸಿಗಬೇಕು? ಊದಿದ ವಾಷರಿನಿಂದ ಅಳತೆ ಸಿಗದೆ, ಅದು ಕೂರುವ ಪಿಸ್ಟನ್ನನ್ನೇ ಜೇಬಿಗೆ ಹಾಕಿಕೊಂಡು ದಾವಣಗೆರೆಯ ಅಂಗಡಿಗಳನ್ನು ಸುತ್ತಿದೆ. ಕೊನೆಗೆ ಜೀಪಿನ ಬ್ರೇಕಿನ ವಾಷರ್ ಅಳತೆಗೆ ಕೂತಿತು. ಪೈಪುಗಳನ್ನೆಲ್ಲ ಸ್ಪಿರಿಟ್ಟಿನಲ್ಲಿ ತೊಳೆದು, ಹೊಸ ವಾಷರ್ ಹಾಕಿ, ಹೊಸ ಆಯಿಲ್ ತುಂಬಿದೆ. ಪೈಪಿನಲ್ಲಿ ಸಿಕ್ಕಿದ ಗಾಳಿ ತೆಗೆಯಲು ಒಬ್ಬರು ಪೆಡಲ್ ಒತ್ತಬೇಕು, ಒಬ್ಬರು ಕೆಳಗೆ ನಟ್ಟು ಸಡಿಲಿಸಬೇಕು. ಮುದುಕರನ್ನೇ ಕೂರಿಸಿದೆ.

"ಒತ್ರೀ… ಹಿಡ್ಕೊಳ್ರೀ… ಬಿಡ್ರೀ."

ಮೊದಮೊದಲು ಗುಳ್ಳೆಗಳೇ ಬಂದವು. ಆಮೇಲೆ ಬರೀ ಆಯಿಲ್. ಮೇಲಿನಿಂದ ಕೂಗು ಕೇಳಿತು: "ತಮ್ಮಾ, ತಗಲ್ತು! ಕಾಲಿಗೆ ತಗಲ್ತು ಕಣೋ!"

ಕಾರಿನ ಅಡಿಯಲ್ಲಿ ಮಲಗಿದ್ದ ನನ್ನ ಕಣ್ಣೂ ಒದ್ದೆಯಾಯಿತು. ಯಾರೂ ನೋಡಲಿಲ್ಲ, ಪುಣ್ಯ.

ಅವರು ಜಗಳೂರಿಗೆ ಹೊರಟ ದಿನ ಬೀಳ್ಕೊಡಲು ನಾನೂ ಹೋಗಿದ್ದೆ. ಅಜ್ಜಿ ಹೊಸ ಸೀರೆಯುಟ್ಟು ಕಾರಿನ ಬಾಗಿಲ ಬಳಿ ಹತ್ತದೆ ನಿಂತೇ ಇದ್ದರು. "ಅದು ಸಾಹುಕಾರ್ರು ಕೂರೋ ಜಾಗ" ಅಂದರು. ಮುದುಕರು ಇಳಿದು ಬಂದು, ಸಾಹುಕಾರರಿಗೆ ತೆಗೆಯುತ್ತಿದ್ದ ಹಾಗೇ ಬಾಗಿಲು ತೆಗೆದು ಹಿಡಿದು ನಿಂತರು.

"ಕೂತ್ಕೊಳ್ರೀ ಅಮ್ಮಾವ್ರೇ" ಅಂದರು.