ಹೊಸತೇನಿಲ್ಲ

ಅಂದು ಬೆಳಿಗ್ಗೆ ಅಬೆಲಾರ್ಡೊ ಬೂದಿ ಹಿಡಿಯಲು ಮಾಡಿನ ಮೇಲಿಟ್ಟ ತಟ್ಟೆ ಇಳಿಸಿ ಬೆರಳಲ್ಲಿ ಗೀರಿ ನೋಡಿದ. ಹಿಟ್ಟಿನಂಥ ಬೂದಿ, ಒಂದು ಚಿಟಿಕೆ. ಬೆಟ್ಟ ಮಂಜಿನೊಳಗೆ ಎಲ್ಲೋ ಮಲಗಿ ಗುರುಗುಡುತ್ತಿತ್ತು. ಬೆಂಕಿ ಕಾರುವ ಆ ಬೆಟ್ಟವನ್ನು ಅಲ್ಲಿ ಎಲ್ಲರೂ ಅಮ್ಮ ಅಂತಲೇ ಕರೆಯುವುದು.

"ನಿಮ್ಮತ್ತೆ ಗೊರಕೆ ಹೊಡೀತಿದಾಳೆ ಕಣೇ," ಅಂದ.

"ನನಗಿಂತ ಅವಳ ಮುಖಾನೇ ಜಾಸ್ತಿ ನೋಡ್ತೀಯ. ಊಟಕ್ಕೂ ಅವಳ ಹತ್ರಾನೇ ಹೋಗು," ಅಂದಳು ಹೆಂಡತಿ ಡೆಲ್ಫಿನಾ, ಮುಸುಕಿನ ಜೋಳ ಹುರಿಯುತ್ತ.

ರೇಡಿಯೊ ಕರಕರ ಅಂತು. ಕೆಳಗಿನ ಪಟ್ಟಣದ ವಿಪತ್ತು ಕಚೇರಿಯಿಂದ ಹಿಮೇನಾ ಬೆಟ್ಟದ ಸುತ್ತಲಿನ ಊರುಗಳನ್ನು ಒಂದೊಂದಾಗಿ ಕೂಗುತ್ತಿದ್ದಳು. ಪ್ರತಿ ಊರಿಗೂ ಒಬ್ಬ ಕಾವಲುಗಾರ, ಯಾನಾಪಂಬಾಕ್ಕೆ ಅಬೆಲಾರ್ಡೊ.

"ಯಾನಾಪಂಬಾ?"

"ಹೊಸತೇನಿಲ್ಲ," ಅಂದ ಅಬೆಲಾರ್ಡೊ.

ಹೇಳಬೇಕಾದ ಮಾತು ಅಷ್ಟೇ. ಯಾವ ಊರು ಉತ್ತರ ಕೊಡಲಿಲ್ಲವೋ ಅದನ್ನು ಬೆಟ್ಟ ನುಂಗಿತು ಅಂತ ಲೆಕ್ಕ. ಅದರ ಕೆಳಗಿನ ಊರಿನವರು ಯಾರನ್ನೂ ಕೇಳದೆ, ಕೆಸರು ಮುಟ್ಟದ ಪಕ್ಕದ ಗುಡ್ಡ ಹತ್ತಬೇಕು.

ಸಂಜೆ ಬೆಟ್ಟದ ತುದಿಯಲ್ಲಿ ಮಳೆ ಸುರಿಯಿತು. ಹಳೇ ಬೂದಿ ಕೆಸರಾಗಿ ಕೊರಕಲಿಗೆ ಇಳಿಯಿತು. ಅಬೆಲಾರ್ಡೊ ರೇಡಿಯೊದಲ್ಲಿ ಕೂಗಿ ಹೇಳಿದ, ಸೈರನ್ ಮೊಳಗಿತು. ಕೊರಕಲಿನಾಚೆ ಮನೆಯ ರೊಸೆಂಡೊ ಅಜ್ಜನಿಗೆ ಕಿವಿ ಪೂರ್ತಿ ಮಂದ.

"ಅಜ್ಜನ್ನ ಹತ್ತಿಸಿ ಬರ್ತೀನಿ."

"ಕಂಬಳಿ ಹೊದ್ಕೊಂಡು ಹೋಗು, ಮಳೆ."

ಅಜ್ಜ ಗುಡ್ಡ ಸೇರಿದ. ಅಬೆಲಾರ್ಡೊ ವಾಪಸು ಕೊರಕಲು ದಾಟುವಾಗ ಕೆಸರು ಬಂತು.

ಅವನನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ರೇಡಿಯೊ ಮತ್ತೆ ಕರೆಯಿತು. "ಯಾನಾಪಂಬಾ?"

ಡೆಲ್ಫಿನಾ ಗೋಡೆ ಕಡೆ ತಿರುಗಿ ಮಲಗಿದ್ದಳು. ಆ ಮಾತನ್ನು ಇವತ್ತು ಯಾವ ಬಾಯಲ್ಲಿ ಹೇಳುವುದು? ಹೇಳಲಿಲ್ಲ. ಇನ್ನೆರಡು ಸಲ ಕರೆದು ರೇಡಿಯೊ ಸುಮ್ಮನಾಯಿತು.

ಸ್ವಲ್ಪ ಹೊತ್ತಿಗೆ ರೊಸೆಂಡೊ ಅಜ್ಜ ಬಾಗಿಲು ಬಡಿದ. "ಕೆಳಗಿನೋರೆಲ್ಲ ಗುಡ್ಡ ಹತ್ತುತಾವ್ರೆ! ಅಮ್ಮ ಎದ್ಲೇನೇ?"

ಹೊರಗೆ ಬಂದಳು. ಮಂಜಿನಲ್ಲಿ ಕೆಳಗಿನ ಸಾನ್ ಬ್ರೌಲಿಯೊದ ಊರಿಗೆ ಊರೇ ಕನಸಿನಂತೆ ನಡೆದಿತ್ತು. ಹೆಂಗಸರ ಮಡಿಲಲ್ಲಿ ಗಿನಿಹಂದಿಗಳು. ಒಬ್ಬನ ತಲೆ ಮೇಲೆ ಹಾಸಿಗೆ. ಏಣಿ ಹತ್ತಿ ತಟ್ಟೆ ಮುಟ್ಟಿ ನೋಡಿದಳು, ಬೂದಿ ಇಲ್ಲ. ಕೊರಕಲಿಗೆ ಕಿವಿ ಕೊಟ್ಟಳು, ಸದ್ದಿಲ್ಲ. ಇವರು ಓಡುತ್ತಿರುವುದು ಬೆಟ್ಟಕ್ಕೆ ಹೆದರಿ ಅಲ್ಲ, ತಾನು ಬಾಯಿ ಬಿಡದ್ದಕ್ಕೆ.

ಒಳಗೆ ಓಡಿ ರೇಡಿಯೊ ಹಿಡಿದಳು. "ಯಾನಾಪಂಬಾ. ಹೊಸತೇನಿಲ್ಲ. ಮನೆಗೆ ಹೋಗ್ರಪ್ಪ."

ಸಾನ್ ಬ್ರೌಲಿಯೊ ಕಾವಲುಗಾರನ ಸೊಂಟದ ರೇಡಿಯೊದಿಂದ ಅವಳದೇ ದನಿ ಮಂಜಿನಲ್ಲಿ ತೇಲಿ ಬಂತು. ನಡೆಯುತ್ತಿದ್ದವರು ನಿಂತರು.

"ಡೆಲ್ಫಿನಕ್ಕಾ," ಅಂದಳು ರೇಡಿಯೊದಲ್ಲಿ ಹಿಮೇನಾ. "ರೇಡಿಯೊನ ಬೇರೆ ಮನೆಗೆ ಕೊಡಿಸ್ತೀನಿ. ದಿನಾ ಆ ಮಾತು ನಿಮ್ಮಿಂದ ಆಗಲ್ಲ."

"ಹೊಸತೇನಿಲ್ಲ ಅಂದಿದ್ದು ಬೆಟ್ಟದ ಬಗ್ಗೆ, ತಾಯಿ. ನನ್ನ ಬಗ್ಗೆ ಅಲ್ಲ. ರೇಡಿಯೊ ಇಲ್ಲೇ ಇರ್ಲಿ."

ಈಗಲೂ ಬೆಳಗಾದರೆ ಏಣಿ ಹತ್ತುತ್ತಾಳೆ. ತಟ್ಟೆಯಲ್ಲಿ ಬೆರಳಾಡಿಸಿ ನೋಡುತ್ತಾಳೆ. ಹೊದ್ದ ಶಾಲಿನಿಂದ ಒರೆಸಿ, ಆಕಾಶಕ್ಕೆ ಮುಖ ಮಾಡಿ ಮತ್ತೆ ಅಲ್ಲೇ ಇಟ್ಟು, ಕೆಳಗಿಳಿದು ರೇಡಿಯೊ ಮುಂದೆ ಕೂರುತ್ತಾಳೆ.