ರಸ್ತೆಗೆ ಬೆನ್ನು ಹಾಕಿದ ಪೇಟೆ

ಕಡೂರಿನಿಂದ ಹೊರಟಾಗ ಬೆಳಗಿನ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಯುದ್ಧದ ದಿನಗಳು. ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲ ಗ್ಯಾಸಿನ ಮೇಲೆ ಓಡುತ್ತಿದ್ದವು. ಓಡುತ್ತಿದ್ದವು ಎನ್ನುವುದು ಸ್ವಲ್ಪ ದೊಡ್ಡ ಮಾತು. ಚಿಕ್ಕಮಗಳೂರಿನಲ್ಲಿ ಬಸ್ಸು ಬದಲಿಸಿ ಆಲ್ದೂರು ದಾಟುವಷ್ಟರಲ್ಲಿ ಎರಡು ಸಲ ಇಳಿದು ತಳ್ಳಿದ್ದೆವು. ಬಸ್ಸಿನ ಹಿಂಬದಿಗೆ ಕಟ್ಟಿದ್ದ ಇದ್ದಿಲ ಒಲೆಯ ಮಸಿ ನನ್ನ ರೈಲ್ವೆ ಕೋಟಿನ ಮೇಲೆಲ್ಲ ಕೂತಿತ್ತು. ನಾನು ಕಡೂರು ಸ್ಟೇಷನ್ನಿನಲ್ಲಿ ಗೂಡ್ಸ್ ಗುಮಾಸ್ತ. ಆ ಕೋಟು ಹಾಕಿಕೊಂಡೇ ಬರಬೇಕೆಂದು ನನ್ನ ಒಡಹುಟ್ಟಿದ ಪದ್ಮಕ್ಕ ಬಸ್ಸಿನವರ ಕೈಲಿ ಹೇಳಿ ಕಳಿಸಿದ್ದಳು. ಯಾಕೆಂದು ಹೇಳಿರಲಿಲ್ಲ.

ಮೂಡಿಗೆರೆಯಲ್ಲಿ ಅಕ್ಕಿರೊಟ್ಟಿ, ಹಲಸಿನಕಾಯಿ ಪಲ್ಯ ತಿಂದು ಕಳಸದ ಬಸ್ಸು ಹತ್ತಿದೆ. ಹಿಂದಿನ ವಾರ ಮಳೆ ಬಿದ್ದು ತೋಟಗಳೆಲ್ಲ ಹೂವಾಗಿದ್ದವು. ಕಾಫಿ ಹೂವಿನ ಘಮಕ್ಕೂ ಇದ್ದಿಲ ಹೊಗೆಗೂ ಜಗಳ ಬಿದ್ದು, ಕೊನೆಗೆ ಹೊಗೆಯೇ ಗೆದ್ದಿತು. ಡ್ರೈವರ್ ಇಬ್ರಾಹಿಂ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡ.

"ಟೇಷನ್ ಪೇಟೆ ಹೋಟ್ಲಮ್ಮನ ತಮ್ಮ ಅಲ್ವಾ ನೀವು? ಅಲ್ಲಿ ಬಸ್ಸು ನಿಲ್ಸೋದಾದ್ರೂ ಎಲ್ಲಿ ಹೇಳಿ. ಜನ ಇಳಿದ್ರೆ ಎದುರಿಗೆ ಗೋಡೆ. ಇನ್ನು ಕಾಫಿಗೆ ಬಾಳೂರಲ್ಲೇ ನಿಲ್ಸು ಅಂದಿದಾರೆ ನಮ್ಮ ಬಸ್ಸಿನ ಧಣಿ. ನಾಳೆ ನಾನು ವಾಪಸ್ ಬರೋವಾಗ ರಸ್ತೆ ಕಡೆ ಒಂದು ಬಾಗಿಲು ಕಂಡ್ರೆ, ಧಣಿಗೆ ನಾನೇ ಹೇಳಿ ಒಪ್ಪಿಸ್ತೀನಿ. ಅಮ್ಮನಿಗೂ ಅಷ್ಟೇ ಹೇಳಿದೀನಿ."

ಆ ಊರಿಗೆ ಬೇರೆ ಹೆಸರಿದೆ, ಆದರೆ ಎಲ್ಲರೂ ಕರೆಯುವುದು ಟೇಷನ್ ಪೇಟೆ ಎಂದೇ. ಅಲ್ಲಿ ಸ್ಟೇಷನ್ನೂ ಇಲ್ಲ, ರೈಲೂ ಇಲ್ಲ. ನಾನು ಚಿಕ್ಕವನಿದ್ದಾಗ ರೈಲಿನ ಅಳತೆಯವರು ಬಂದು ಡೇರೆ ಹಾಕಿ, ಕಾಡು ಸವರಿಸಿ, ಸಾಲಾಗಿ ಕಲ್ಲು ನೆಟ್ಟು ಹೋದರು. ಘಟ್ಟ ಇಳಿದು ಮಂಗಳೂರಿಗೆ ಹೋಗುವ ರೈಲು ಇಲ್ಲಿ ನೀರಿಗೆ ನಿಲ್ಲುತ್ತದಂತೆ ಎಂಬ ಸುದ್ದಿ ಹಬ್ಬಿತು. ಅಷ್ಟೇ ಸಾಕಾಯಿತು. ಜವಳಿಯವರು, ದರ್ಜಿ, ಒಣಮೀನಿನ ಬ್ಯಾರಿ, ಎತ್ತಿಗೆ ಲಾಳ ಕಟ್ಟುವವರು, ಎಲ್ಲರೂ ಬಂದು ಕಟ್ಟಡ ಎಬ್ಬಿಸಿದರು. ಪದ್ಮಕ್ಕನನ್ನು ಹೊಸದಾಗಿ ಮದುವೆಯಾಗಿದ್ದ ಸುಬ್ರಾಯ ಭಾವ ಹೋಟೆಲು ಕಟ್ಟಿದರು. ಒಬ್ಬರೂ ತಪ್ಪದೆ ಕಲ್ಲಿನ ಸಾಲಿಗೆ ಮುಖಮಾಡಿಯೇ ಕಟ್ಟಿದರು. ರೈಲಿಳಿದ ಜನ ಬರುವುದು ಆ ಕಡೆಯಿಂದ ತಾನೇ? ಗಾಡಿ ರಸ್ತೆಯ ಪಾಲಿಗೆ ಬಂದದ್ದು ಬಚ್ಚಲು, ದನದ ಕೊಟ್ಟಿಗೆ ಮತ್ತು ಹಿಂದಿನ ಗೋಡೆ.

ಕಾಫಿ ಗಾಡಿಗಳು ರಾತ್ರಿ ತಂಗುತ್ತಿದ್ದಷ್ಟು ಕಾಲ ಪೇಟೆ ಜೋರಾಗಿಯೇ ಇತ್ತು. ಎತ್ತು ಬಿಚ್ಚಿದ ಗಾಡಿಯವರಿಗೆ ಗೋಡೆ ಬಳಸಿ ಬರಲು ಬೇಕಾದಷ್ಟು ಹೊತ್ತಿತ್ತು. ಲಾರಿ ಬಂದ ಮೇಲೆ ಮೂಟೆಗಳು ಎಲ್ಲೂ ತಂಗದೆ ಘಟ್ಟ ಇಳಿದವು. ಬಸ್ಸಿನ ಜನಕ್ಕೆ ಇರುವುದು ಒಂದು ಲೋಟ ಕಾಫಿಯ ಬಿಡುವು. ಅಂಗಡಿಗಳು ಒಂದೊಂದಾಗಿ ಮುಚ್ಚಿ, ಕಡೆಗೆ ದರ್ಜಿ ಮತ್ತು ನಮ್ಮ ಭಾವ ಉಳಿದರು.

ಸಂಜೆ ಇಳಿದಾಗ ಎದುರಿಗೆ ನಿಜಕ್ಕೂ ಗೋಡೆಯೇ. ಸಂದಿಯಲ್ಲಿ ತೂರಿ ಮುಂಭಾಗಕ್ಕೆ ಹೋದೆ. 'ಸ್ಟೇಷನ್ ಹೋಟೆಲು' ಎಂಬ ಬೋರ್ಡಿನ ಕೆಳಗೆ ಭಾವ ಬೆಂಚಿನ ಮೇಲೆ ಕೂತಿದ್ದರು. ಸುತ್ತ ಲಂಟಾನ ಪೊದೆ ಆಳೆತ್ತರ ಬೆಳೆದಿದ್ದರೂ ಕಲ್ಲಿನ ಸಾಲಿನ ಉದ್ದಕ್ಕೂ ನೆಲ ಚೊಕ್ಕಟವಾಗಿತ್ತು. ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ಭಾವ ಕತ್ತಿ ಹಿಡಿದು ತಾವೇ ಸವರುತ್ತಾರೆ. ಬಾಗಿಲಿಗೆ ನೇರವಾಗಿದ್ದ ಕಲ್ಲಿನ ಮೇಲೆ ಒಂದು ದಾಸವಾಳದ ಹೂವಿತ್ತು.

ಅಡುಗೆಮನೆಯಲ್ಲಿ ಪದ್ಮಕ್ಕ ದನಿ ತಗ್ಗಿಸಿ ಹೇಳಿದಳು: "ಹಿಂದಿನ ಗೋಡೆಗೆ ಒಂದು ಬಾಗಿಲು ಇಡ್ಸಿ ಅಂತ ಹೇಳಿ ಹೇಳಿ ಸಾಕಾಯ್ತು ಕಣೋ. ಬಸ್ಸು ಬಾಳೂರಿಗೆ ಹೋದ್ರೆ ನಾವು ಒಲೆ ಆರಿಸಿದ ಹಾಗೇ. ರಸ್ತೆಗೆ ಬಾಗಿಲು ಇಟ್ಟಮೇಲೆ ರೈಲು ಬಂದ್ರೆ ಜನ ನಗ್ತಾರೆ ಅಂತಾರೆ ಇವ್ರು. ನೀನಾದ್ರೂ ಹೇಳು. ನನ್ನ ಮಾತಿಗೆ ಕೋಟಿಲ್ಲ ನೋಡು."

ಊಟಕ್ಕೆ ಕೂತಾಗ ಕೋಟು ಕಳಚಿ ಗೂಟಕ್ಕೆ ಹಾಕಿದ್ದೆ. ಸುತ್ತಿಬಳಸದೆ ಹೇಳಿದೆ: "ಭಾವ, ಇಲ್ಲಿಗೆ ರೈಲು ಬರೋದಿಲ್ಲ. ಆ ಅಳತೆ ಯಾವತ್ತೋ ಬಿಟ್ಟುಹೋಗಿದೆ. ಯುದ್ಧಕ್ಕೆ ಬೇಕು ಅಂತ ಕೆಲವು ಕಡೆ ಇರೋ ಕಂಬಿನೇ ಕೀಳ್ತಿದಾರೆ."

ಭಾವ ಅನ್ನ ಕಲಸುತ್ತಲೇ ಇದ್ದರು. "ಹಾಗಲ್ಲ ಮಾರಾಯ. ಊಟ ಮುಗ್ಸಿ ಕೋಟು ಹಾಕ್ಕೊಂಡು ಬಂದು ಹೇಳು. ಭಾವಮೈದ ಹೇಳೋದು ಬೇರೆ, ರೈಲ್ವೆಯವ್ರು ಹೇಳೋದು ಬೇರೆ."

ತಮಾಷೆಯೆಂದುಕೊಂಡೆ. ಆದರೆ ಕೈತೊಳೆದು ಬಂದವರು ಶಲ್ಯ ಹೊದ್ದು, ಬೆಂಚಿನ ಮೇಲೆ ನೆಟ್ಟಗೆ ಕೂತು ಕಾದರು. ನಾನು ಮಸಿ ಕೊಡವಿ ಕೋಟು ಹಾಕಿಕೊಂಡೆ, ಗುಂಡಿಗಳನ್ನೂ ಹಾಕಿದೆ. ಗೂಡ್ಸ್ ಗುಮಾಸ್ತನಾದ ನಾನು ಯಾವ ಅಧಿಕಾರದ ಮೇಲೆ ಒಬ್ಬರ ಆಯುಷ್ಯದ ಆಸೆಗೆ ಕೊನೆ ಹಾಡಲಿ ಎಂದು ಸಂಕಟವಾಯಿತು. ಆದರೂ ಅದೇ ಮಾತು ಹೇಳಿದೆ.

ಭಾವ ಶಲ್ಯ ತೆಗೆದು ಮಡಚಿ ಪಕ್ಕಕ್ಕಿಟ್ಟರು. ಆಮೇಲೆ, "ಕಲ್ಲು ನೆಡೋಕೆ ಎಷ್ಟು ಜನ ಬಂದಿದ್ರು ಗೊತ್ತಾ? ದೊರೆಗಳು, ಸಾಹೇಬರು, ಕುದುರೆ, ಡೇರೆ. ಬರೋದಿಲ್ಲ ಅಂತ ಹೇಳೋಕೆ ಮಾತ್ರ ಒಬ್ಬರೂ ಬರ್ಲಿಲ್ಲ. ಅವ್ರು ಹೇಳದೆ ನಾವು ಕಾಯೋದು ಬಿಟ್ಟು ಹೇಗೆ ಎದ್ದು ಹೋಗೋದು? ಸದ್ಯ, ನೀನು ಬಂದೆ" ಎಂದರು. ಅವರನ್ನು ಹಟಮಾರಿ ಎಂದುಕೊಂಡಿದ್ದ ನನಗೆ ನಾಚಿಕೆಯಾಯಿತು.

ಬೆಳಿಗ್ಗೆ ಎದ್ದದ್ದು ಹಾರೆಯ ಸದ್ದಿಗೆ. ಭಾವ ಹಿಂದಿನ ಗೋಡೆಗೆ ಒಳಗಿನಿಂದ ಏಟು ಹಾಕುತ್ತಿದ್ದರು. ದರ್ಜಿಯೂ ಬಂದು ಮಣ್ಣು ಎಳೆದ, ನಾನೂ ಕೈಹಾಕಿದೆ. ಹಳೆಯ ಕಾಲದ ದಪ್ಪ ಮಣ್ಣಿನ ಗೋಡೆ, ಸುಲಭಕ್ಕೆ ಜಗ್ಗಲಿಲ್ಲ. ಮಧ್ಯಾಹ್ನ ದೂರದಲ್ಲಿ ಹಾರನ್ ಕೇಳಿದಾಗ ಆಗಿದ್ದದ್ದು ಒಂದು ಕಿಟಕಿಯಷ್ಟು ತೂತು.

ಇಬ್ರಾಹಿಂ ಬಸ್ಸು ನಿಲ್ಲಿಸಿ ಬಗ್ಗಿ ನೋಡಿದ. "ಬಾಗಿಲು ಅಂದಿದ್ದೆ ಅಮ್ಮ. ಇದು ಕಿಂಡಿ."

"ಬಾಗಿಲು ಈ ವಾರದಲ್ಲೇ ಆಗತ್ತೆ. ಇವತ್ತು ಕಾಫಿ ಕುಡಿ" ಎಂದು ಪದ್ಮಕ್ಕ ಕಿಂಡಿಯಿಂದ ಕೈ ಚಾಚಿದಳು. ಅವನ ಹಿಂದೆಯೇ ಬಸ್ಸಿನ ಜನ ಇಳಿದು ಬಂದರು. ಇಬ್ರಾಹಿಂ ನಿಂತೇ ಕುಡಿದು ಮುಗಿಸಿ, ಲೋಟ ವಾಪಸ್ಸು ಕೊಡುತ್ತಾ, "ಧಣಿಗೆ ಹೇಳ್ತೀನಿ, ಇಲ್ಲೇ ನಿಲ್ಲತ್ತೆ" ಎಂದ.

ನಾನೂ ಅದೇ ಬಸ್ಸು ಹತ್ತಿದೆ. ಹೊರಟಾಗ ತಿರುಗಿ ನೋಡಿದೆ. ಆ ತೂತಿನ ಮೂಲಕ ಹೋಟೆಲಿನ ಆಚೆಯವರೆಗೂ ಕಾಣುತ್ತಿತ್ತು: ಒಲೆ, ಬೆಂಚು, ಮುಂಬಾಗಿಲು, ಅದರಾಚೆ ಬಿಸಿಲಲ್ಲಿ ನಿಂತ ಕಲ್ಲು. ಆ ದಿನ ಅದರ ಮೇಲೆ ಹೂವಿರಲಿಲ್ಲ. ಅಷ್ಟರಲ್ಲಿ ಭಾವ ಬಂದು ಕಿಂಡಿಗೆ ಅಡ್ಡ ನಿಂತರು. ತಲೆಯೆಲ್ಲ ಮಣ್ಣು. ಬಸ್ಸು ತಿರುವು ದಾಟುವ ತನಕ ರಸ್ತೆಯ ಕಡೆಗೇ ನೋಡುತ್ತಿದ್ದರು. ಆ ಮನೆಯಲ್ಲಿ ನಾನು ಅವರನ್ನು ಆ ದಿಕ್ಕಿಗೆ ಮುಖಮಾಡಿ ಕಂಡದ್ದು ಅದೇ ಮೊದಲು.